ಮುಖವಿಲ್ಲದವರ ಎಡೆ

ನಮ್ಮ ಮನೆಯ ಗೋಡೆಗೆ ಬಂದು ಸೇರುತ್ತಿದ್ದ ದೇಶದ ದೊಡ್ಡವರಿಗೆಲ್ಲ ಏನಾದರೊಂದು ಐಬು ಇರುತ್ತಿತ್ತು. ಅಪ್ಪ ಚಳ್ಳಕೆರೆಯಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಕೆಲಸ ಮಾಡುತ್ತಿದ್ದ. ಎಣ್ಣೆ ಮಿಲ್ಲುಗಳ ಹಿಂದಿನ ಓಣಿಯಲ್ಲಿ ನಮ್ಮ ಮನೆ, ಅದರ ಮುಂದಿನ ಕೋಣೆಯೇ ಅಂಗಡಿ. ಶಾಲೆಗಳಿಗೆ, ಪಂಚಾಯಿತಿಗಳಿಗೆ, ಕಚೇರಿಗಳಿಗೆ ದೇಶದ ನಾಯಕರ ಪಟಗಳು ಇಲ್ಲಿಂದಲೇ ಹೋಗುತ್ತಿದ್ದವು. ಸರಿಯಾಗಿದ್ದವು ಹೋಗುತ್ತಿದ್ದವು, ಕೆಟ್ಟವು ಉಳಿಯುತ್ತಿದ್ದವು. ಅಚ್ಚಿನಲ್ಲಿ ಬಣ್ಣ ಜಾರಿ ಒಬ್ಬರ ಕಿವಿ ಹಸಿರಾಗಿತ್ತು. ಇನ್ನೊಬ್ಬರ ಟೋಪಿಯ ಅರ್ಧ ಕಾಗದದ ಆಚೆಗೇ ಹೋಗಿತ್ತು. ಕೊಯ್ಯುವಾಗ ಮೂಲೆ ಸೀಳಿದ ಗಾಜು, ಗಂಟು ಬಿದ್ದ ಕಟ್ಟಿಗೆಯ ಪಟ್ಟಿ, ಇಂಥವೆಲ್ಲ ಸೇರಿ ಒಂದೊಂದು ಪಟವಾಗಿ ನಡುಮನೆಯ ಗೋಡೆ ಹತ್ತುತ್ತಿದ್ದವು. ಅವರ ನಡುನಡುವೆ ಸೀನರಿಗಳು: ಜೋಗದ ನೀರು, ಗಂಗೆಯ ಘಾಟು, ಕೆಳಗೆ ಹೆಸರು ಬರೆದ ಹಿಮಾಲಯ. ಬೇರೆಯವರ ಮನೆಯಲ್ಲಿ ದೇವರಿರುತ್ತಿದ್ದ ಜಾಗದಲ್ಲಿ ನಮ್ಮಲ್ಲಿ ಭಾರತ ಇತ್ತು, ಅದೂ ರಿಜೆಕ್ಟ್ ಆದ ಭಾರತ.

ನನಗೆ ಅದರ ಬಗ್ಗೆ ಹೇಳಲಾಗದಷ್ಟು ಜಂಬ. ಅಪ್ಪ ಸಣ್ಣ ಮೊಳೆ ಹೊಡೆಯುವಾಗ ನಾನು ಪಕ್ಕದಲ್ಲಿ ಕೂತು ಮೊಳೆ ಎತ್ತಿ ಕೊಡುತ್ತಿದ್ದೆ. ಅವನು ತುಟಿಯ ನಡುವೆ ಎರಡು ಮೊಳೆ ಕಚ್ಚಿಕೊಂಡೇ ಮಾತಾಡುತ್ತಿದ್ದ.

“ದೇಶ ಅಂದ್ರೆ ಏನಪ್ಪಾ?”

“ಒಳಗಿನ ಗೋಡೆ ನೋಡಿದೀಯಲ್ಲ? ಆ ದೊಡ್ಡೋರು, ಆ ಹೊಳೆ, ಆ ಬೆಟ್ಟ. ಅದೇ ದೇಶ. ಹೊರಗಿನೋರು ಯಾರಾರ ಬಂದು ನೀವ್ಯಾರು ಅಂತ ಕೇಳಿದ್ರೆ ಅವ್ರ ಮುಖ ತೋರ್ಸಬೇಕು.”

ಹಾಗಾಗಿ ಶಾಲೆಯಲ್ಲಿ ನಾನು ಹೇಳಿಕೊಂಡು ತಿರುಗುತ್ತಿದ್ದೆ, ನಮ್ಮ ಮನೆಯಲ್ಲಿ ಇಡೀ ದೇಶ ಇದೆ ಅಂತ. ಹಸಿರು ಕಿವಿಯ ವಿಷಯ ಮಾತ್ರ ಯಾರಿಗೂ ಹೇಳಿರಲಿಲ್ಲ.

ಅಜ್ಜಿ, ಎಂದರೆ ಅಪ್ಪನ ತಾಯಿ, ಆ ಗೋಡೆಯನ್ನು ಬೇರೆಯದೇ ಥರ ನೋಡುತ್ತಿದ್ದಳು. ದೇವಸಮುದ್ರದ ಕಡೆಯ ಕುರಿ ಸಾಕುವ ಮನೆಯ ಹೆಂಗಸು. ಅಜ್ಜ ತೀರಿಕೊಂಡು ಕೆಲವು ವರ್ಷಗಳಾದ ಮೇಲೆ ಅಪ್ಪ ಅವಳನ್ನು ಚಳ್ಳಕೆರೆಗೆ ಕರೆದುಕೊಂಡು ಬಂದಿದ್ದ. ಒಂದು ಕರಿ ಕಂಬಳಿ, ಎಲೆಅಡಿಕೆಯ ಚೀಲ, ಇಷ್ಟೇ ಅವಳ ಗಂಟು. ಬಂದ ಮೊದಲ ದಿನವೇ ಗೋಡೆಯ ಮುಂದೆ ನಿಂತು ಒಬ್ಬೊಬ್ಬರನ್ನೂ ಕಣ್ಣು ಕಿರಿದು ಮಾಡಿ ನೋಡಿದಳಂತೆ. ಆಮೇಲೆ ಅವಳು ಕೇಳಿದ ಮಾತನ್ನು ನನ್ನ ಅವ್ವ ಎಷ್ಟೋ ವರ್ಷ ಹೇಳಿ ಹೇಳಿ ನಗುತ್ತಿದ್ದಳು.

“ಇಷ್ಟು ಜನ ಇದಾರೆ, ನಮ್ಮೋರು ಯಾರೂ ಇಲ್ವೇನಲೇ ಇದ್ರಾಗೆ?”

ನಮ್ಮವರು ಇರುವುದಾದರೂ ಹೇಗೆ? ಅಜ್ಜನ ಒಂದು ಫೋಟೋ ಕೂಡ ಇರಲಿಲ್ಲ. ಬದುಕಿರುವ ತನಕ ಗುಡ್ಡದ ಮೇಲೆ ಮಂದೆಯ ಹಿಂದೆ ತಿರುಗಿದ ಮನುಷ್ಯ, ಅವನ ಮುಖ ಹಿಡಿದಿಡಬೇಕು ಅಂತ ಯಾರಿಗೂ ಅನ್ನಿಸಿರಲಿಲ್ಲ. ಊರೆಲ್ಲರ ಫೋಟೋಗೂ ಕಟ್ಟು ಹಾಕುವವನ ಮನೆಯಲ್ಲಿ ಅವನಪ್ಪನದೇ ಇಲ್ಲ. ಊರಲ್ಲಿದ್ದಾಗ ಅಜ್ಜಿಗೆ ಅದರ ಅಗತ್ಯವೂ ಬಿದ್ದಿರಲಿಲ್ಲ. ಹಿರಿಯರ ಹಬ್ಬದ ಅಮಾವಾಸ್ಯೆಗೆ, ಗುಡ್ಡದ ಕೆಳಗೆ ಅವನನ್ನು ಮಣ್ಣು ಮಾಡಿದ ಜಾಗಕ್ಕೇ ಹೋಗಿ ಎಡೆ ಇಟ್ಟು ಬರುತ್ತಿದ್ದಳು. ಪೇಟೆಗೆ ಬಂದ ಮೇಲೆ ಅವಳಿಗೆ ದೊಡ್ಡ ಚಿಂತೆ ಹತ್ತಿತು. ಸತ್ತವನಿಗೆ ವರ್ಷಕ್ಕೊಂದು ಊಟ, ಅದನ್ನು ಯಾರ ಮುಂದೆ ಇಡುವುದು? ಬರೀ ಗೋಡೆಗೆ ಇಟ್ಟರೆ ಅವನಿಗೆ ತನ್ನದು ಅಂತ ಗೊತ್ತಾಗುವುದಾದರೂ ಹೇಗೆ? ಅವಳು ಗೋಡೆಯವರನ್ನೆಲ್ಲ ಇನ್ನೊಂದು ಸಲ ನೋಡಿ ಕೋಲು ಹಿಡಿದ ಮುದುಕರನ್ನು ಆರಿಸಿದಳು. ದೇಶಕ್ಕೆಲ್ಲ ಗೊತ್ತಿರುವ ಆ ಮುಖಕ್ಕೆ ಅವಳು ಇಟ್ಟ ಹೆಸರು ಕೋಲಜ್ಜ. ನಮ್ಮ ಮನೆಯ ಕೋಲಜ್ಜನ ಐಬು ಏನೆಂದರೆ ಗಾಜಿನೊಳಗೆ ಎದೆಯ ಮೇಲೆ ಒಂದು ಗುಳ್ಳೆ.

ಅವ್ವ ಮೊಳಕಾಲ್ಮೂರಿನವಳು. ತೆಲುಗು ಕನ್ನಡ ಎರಡರಲ್ಲೂ ಜಗಳ ಆಡಬಲ್ಲವಳು. ಅವತ್ತು ಎರಡನ್ನೂ ಬಳಸಿದಳು.

“ಅಯ್ಯೋ ದೇವುಡಾ! ಅತ್ತಮ್ಮಾ, ಅವ್ರು ದೇಶಕ್ಕೇ ತಾತ. ಅವ್ರ ಮುಂದೆ ಬಾಡು ಇಕ್ತೀರಾ?”

“ದೇಶಕ್ಕೆ ತಾತ ಆದ್ರೆ ನಿಮ್ಮ ಮಾವನ್ಗೆ ಆಗದೋರೇನೇ? ನೋಡೇ ಸರ್ಯಾಗಿ. ಅದೇ ಕೋಲು, ಅದೇ ಎದೆಗೂಡು, ಅದೇ ತುಂಡು ಪಂಚೆ. ಪಕ್ಕದಾಗೆ ಕುರಿ ಒಂದಿಲ್ಲ, ಅಷ್ಟೇಯ.”

“ಅವ್ರು ಮೇಕೆ ಹಾಲು ಕುಡೀತಿದ್ರಂತವ್ವಾ,” ಎಂದ ಅಪ್ಪ, ಬೆಂಕಿಗೆ ತುಪ್ಪ ಸುರಿಯುತ್ತ.

“ಮತ್ತೆ! ನಮ್ಮೋರೇ ಬಿಡು,” ಎಂದಳು ಅಜ್ಜಿ. ಅಲ್ಲಿಗೆ ಆ ಜಗಳ ಮುಗಿಯಿತು.

ಅಪ್ಪ ತಡೆಯಲಿಲ್ಲ. ಬಾಗಿಲ ಹಿಂದೆ ನಡೆಯುವುದು ಯಾರಿಗೆ ಕಾಣುತ್ತದೆ ಎಂದುಕೊಂಡಿರಬೇಕು. ನಮ್ಮಲ್ಲಿ ಎಡೆ ಇಡುವ ಕ್ರಮವೂ ಹಾಗೇ ಇತ್ತು. ಉಳಿದವರು ಮಧ್ಯಾಹ್ನಕ್ಕೋ ಸಂಜೆಗೋ ಇಟ್ಟರೆ ಅಜ್ಜಿ ಬೆಳಗ್ಗೆಯೇ ಇಡುತ್ತಿದ್ದಳು. ಮಂದೆ ಬಿಡುವ ಮೊದಲೇ ಉಂಡು ಹೋಗುವ ಗಂಡನಿಗೆ ಬಿಸಿಲೇರಿದ ಮೇಲೆ ಬಡಿಸಿದರೆ ಏನು ಬಂತು, ಅನ್ನುವುದು ಅವಳ ಲೆಕ್ಕ. ಬಾಳೆಲೆಯಲ್ಲಿ ಮುದ್ದೆ, ಬಾಡಿನ ಸಾರು, ಹುರಿದ ಕುರಿಯ ಈಲಿ, ಒಂದು ಹೋಳಿಗೆ, ಪಕ್ಕಕ್ಕೆ ಹೊಸ ಟವಲ್ಲು, ಬೀಡಿಕಟ್ಟು, ಬಿರಡೆ ತೆಗೆದ ಸಣ್ಣ ಬಾಟಲಿ. ಸಾಂಬ್ರಾಣಿ ಹಾಕಿ ಬಾಗಿಲು ಮುಚ್ಚಿ ನಾವೆಲ್ಲ ಮುಂದಿನ ಕೋಣೆಗೆ ಬಂದು ಕೂರಬೇಕು. ಒಳಗೆ ಹಿರಿಯರು ಉಣ್ಣುತ್ತಿರುತ್ತಾರೆ, ನಾವು ಕೆಮ್ಮಿದರೂ ಅವಳು ಕಣ್ಣು ಕೆಕ್ಕರಿಸುತ್ತಿದ್ದಳು. ಸಾಕಷ್ಟು ಹೊತ್ತಾಯಿತು ಅಂತ ಅವಳಿಗೆ ಅನ್ನಿಸಿದ ಮೇಲೆ ಬಾಗಿಲು ತಟ್ಟಿ, ಒಳಗೆ ಹೋಗಿ ಎಡೆ ಎತ್ತಿ, ಅದನ್ನು ನಮಗೆಲ್ಲ ಹಂಚುತ್ತಿದ್ದಳು. ಸಾರು ಅಷ್ಟು ಹೊತ್ತಿಗೆ ಆರಿರುತ್ತಿತ್ತು, ಆದರೂ ಆ ದಿನದ ಸಾರಿನ ರುಚಿ ಬೇರೆ.

ಆ ವರ್ಷ ಅಮಾವಾಸ್ಯೆ ಬಂದು ಬಿದ್ದದ್ದು ಅಕ್ಟೋಬರ್ ಎರಡಕ್ಕೆ. ಕೋಲಜ್ಜ ಹುಟ್ಟಿದ ದಿನ. ಅವತ್ತು ಪೇಟೆಯಲ್ಲಿ ಬಾಡೂ ಇಲ್ಲ, ಬಾಟಲಿಯೂ ಇಲ್ಲ. ಅಪ್ಪ ಬಾಟಲಿಯನ್ನು ಹಿಂದಿನ ದಿನವೇ ತಂದು ಗಾಜಿನ ಚೂರುಗಳ ಡಬ್ಬಿಯ ಹಿಂದೆ ಇಟ್ಟಿದ್ದ. ದೇವಸಮುದ್ರದಿಂದ ಚಿಕ್ಕಪ್ಪ ಸ್ಟೀಲಿನ ಡಬ್ಬಿಯಲ್ಲಿ ಬಾಡು ತುಂಬಿ ಅದೇ ಸಂಜೆಯ ಬಸ್ಸಿಗೆ ಕೊಟ್ಟು ಕಳಿಸಿದ್ದ. ಬೆಳಗ್ಗೆ ಎಡೆ ಇಟ್ಟು, ಗಾಜಿನ ಮೇಲೆ ಹಣೆಯ ಜಾಗಕ್ಕೆ ಕುಂಕುಮ ಹಚ್ಚಿ, ಬಾಗಿಲು ಮುಚ್ಚಿ ಹೊರಗೆ ಕೂತಿದ್ದೆವು. ಆಗ ಓಣಿಯಲ್ಲಿ ಸ್ಕೂಟರ್ ನಿಂತ ಸದ್ದಾಯಿತು. ನಮ್ಮ ಶಾಲೆಯ ಹೆಡ್‌ಮೇಷ್ಟ್ರು. ಆ ವರ್ಷವೇ ವರ್ಗವಾಗಿ ಬಂದಿದ್ದವರು, ಬಿಳಿ ಖಾದಿ ಅಂಗಿ, ಬೆವರಿದ ಮುಖ.

“ನೋಡಪ್ಪ, ಮಾನ ಹೋಗೋ ಕೆಲಸ ಆಗಿದೆ. ಬೀರು ತೆಗೆದು ನೋಡಿದರೆ ಫೋಟೋನ ಗೆದ್ದಲು ತಿಂದುಬಿಟ್ಟಿದೆ. ಮಕ್ಕಳು ಸಾಲಲ್ಲಿ ನಿಂತಿದ್ದಾರೆ. ಒಂದು ಕೊಡು, ಹೇಗಿದ್ದರೂ ಪರವಾಗಿಲ್ಲ.”

“ಎಲ್ಲಾ ಖಾಲಿ ಆಗ್ಯಾವೆ ಸಾರ್. ಈ ವಾರ ಅವ್ರನ್ನೇ ಎಲ್ರೂ ಕೇಳೋದು.”

“ಒಳಗೆ ಗೋಡೆ ತುಂಬ ಇದ್ದಾರಂತಲ್ಲ? ನಿನ್ನ ಮಗಳು ಶಾಲೆಯಲ್ಲೆಲ್ಲ ಹೇಳ್ಕೊಂಡು ಬರ್ತಾಳೆ.”

ಅಪ್ಪ ನನ್ನ ಕಡೆ ನೋಡಿದ. ಅಜ್ಜಿ ಕೂತಲ್ಲಿಂದಲೇ ಬೇಡ ಎಂದು ಕೈಯಾಡಿಸಿದಳು, ಇನ್ನೂ ಹೊತ್ತಾಗಿರಲಿಲ್ಲ. ಆದರೆ ಹೆಡ್‌ಮೇಷ್ಟ್ರನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡು ಒಳಗೆ ಸತ್ತವರು ಉಣ್ಣುತ್ತಿದ್ದಾರೆ ಎಂದು ಹೇಳುವ ಧೈರ್ಯ ಅಪ್ಪನಿಗೆ ಇರಲಿಲ್ಲ. ಅವನು ಎದ್ದು ಬಾಗಿಲು ತೆಗೆದ. ತಾನೊಬ್ಬನೇ ಹೋಗಿ ಪಟ ಇಳಿಸಿಕೊಂಡು ಬರಬೇಕೆಂದಿದ್ದನೋ ಏನೋ, ಅವಸರದಲ್ಲಿದ್ದ ಹೆಡ್‌ಮೇಷ್ಟ್ರು ಅವನ ಬೆನ್ನಿಗೇ ಒಳಗೆ ಬಂದರು.

ಅವರು ನೋಡಿದ್ದನ್ನು ನಾನೂ ಅವರ ಕಣ್ಣಿಂದಲೇ ಮೊದಲ ಸಲ ನೋಡಿದೆ. ಅಲ್ಲಿಯವರೆಗೆ ಅದು ನಮ್ಮ ಹಬ್ಬವಾಗಿತ್ತು. ಅವರ ಮುಖ ಬಾಡಿದ್ದೇ ಬಾಡಿನ ವಾಸನೆ ನನ್ನ ಮೂಗಿಗೂ ಹೊಡೆಯಿತು, ಬಾಟಲಿ ಬಾಟಲಿಯಾಗಿ ಕಂಡಿತು, ಬೀಡಿ ಬೀಡಿಯಾಗಿ. ಅವರು ರೇಗಲಿಲ್ಲ. ರೇಗಿದ್ದರೆ ಎಷ್ಟೋ ವಾಸಿ ಇತ್ತು, ಅವರಿಗೆ ಅಳು ಬಂದ ಹಾಗಿತ್ತು.

“ಏನಪ್ಪಾ ಇದು? ಯಾವುದನ್ನ ಬೇಡ ಅಂತ ಜೀವ ತೇಯ್ದರೋ ಅದನ್ನೇ ತಂದು ಅವರ ಮುಂದೆ ಇಟ್ಟಿದ್ದೀರಲ್ಲ. ಅದೂ ಇವತ್ತು. ಇವರು ಯಾರು ಅಂತಾದರೂ ಗೊತ್ತಾ ನಿಮಗೆ?”

ಗೊತ್ತಿತ್ತು. ನನಗೂ ಗೊತ್ತಿತ್ತು, ಅಪ್ಪನಿಗೂ ಗೊತ್ತಿತ್ತು. ನಮ್ಮಜ್ಜನ ಮುಖ ನಮ್ಮ ಹತ್ತಿರ ಇಲ್ಲ, ಅದಕ್ಕೆ ಇವರದನ್ನು ಒಂದು ಹೊತ್ತಿಗೆ ಎರವಲು ಪಡೆದಿದ್ದೇವೆ ಎಂದು ಹೇಳಿಬಿಟ್ಟಿದ್ದರೆ ಅವರಿಗೆ ಅರ್ಥವಾಗುತ್ತಿತ್ತೇನೋ. ಅಪ್ಪ ಗೋಡೆಗೆ ಆತುಕೊಂಡು ನಿಂತ. ಅವನ ದನಿ ನನಗೆ ಗುರುತು ಸಿಗದ ಹಾಗೆ ತೆಳ್ಳಗಾಗಿತ್ತು.

“ನಾವಲ್ಲ ಸಾರ್. ಆ ಮುದುಕಿ... ಮನೆ ಕೆಲ್ಸಕ್ಕೆ ಬಂದಿರೋಳು, ಹಳ್ಳಿ ಕಡೆಯೋಳು. ನಮಗೆ ಗೊತ್ತಿಲ್ದಂಗೆ ಇಟ್ಬಿಟ್ಟವ್ಳೆ. ಅವ್ಳಿಗೇನು ತಿಳೀತೈತೆ ಸಾರ್.”

ಅವ್ವನ ಕೈ ನನ್ನ ಭುಜದ ಮೇಲಿತ್ತು, ಅದು ಬಿಗಿಯಾಯಿತು. ಅಜ್ಜಿ ಬಾಗಿಲಲ್ಲೇ ನಿಂತಿದ್ದಳು. ಮಗನ ಮುಖವನ್ನು ಒಂದು ಸಲ ನೋಡಿದಳು. ಆಮೇಲೆ ಅವಳು ಮಾಡಿದ್ದನ್ನು ನೆನೆದರೆ ನನಗೆ ಈಗಲೂ ಎಲ್ಲಾದರೂ ಮುಖ ಮುಚ್ಚಿಕೊಂಡು ಕೂರೋಣ ಅನ್ನಿಸುತ್ತದೆ. ಅವಳು ಮಗನ ಮಾತನ್ನು ನಿಜ ಮಾಡಿಕೊಟ್ಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೆಲಸದವಳ ಹಾಗೆ ಬಗ್ಗಿ ಒಳಗೆ ಬಂದು ಎಲೆ ಎತ್ತಿದಳು, ಬಾಟಲಿ ಬೀಡಿ ಎತ್ತಿದಳು. ಪಟ ಇಳಿಸಿ ಸೆರಗಿನ ತುದಿಯಿಂದ ಕುಂಕುಮ ಒರೆಸಿದಳು. ಎರಡೂ ಕೈಯಲ್ಲಿ ಹಿಡಿದು ಹೆಡ್‌ಮೇಷ್ಟ್ರಿಗೆ ಕೊಟ್ಟಳು.

“ತಪ್ಪಾತು ಸ್ವಾಮಿ. ಯಜಮಾನ್ರಿಗೆ ಏನೂ ಗೊತ್ತಿಲ್ಲ.”

ಯಜಮಾನರು ಎಂದದ್ದು ಅಪ್ಪನಿಗೆ.

ಪಟವನ್ನು ಹೊತ್ತು ಅಪ್ಪನೇ ಶಾಲೆಗೆ ಬಂದ, ನಾನು ಹಿಂದೆ. ಅದನ್ನು ಕುರ್ಚಿಯ ಮೇಲಿಟ್ಟು ಹಾರ ಹಾಕಿದರು. ಹೆಡ್‌ಮೇಷ್ಟ್ರು ಎರಡು ಕಟ್ಟು ಊದುಬತ್ತಿ ಹಚ್ಚಿದರು, ಯಾಕೆಂದು ಅವರಿಗೆ, ನನಗೆ, ಅಪ್ಪನಿಗೆ ಮಾತ್ರ ಗೊತ್ತು. ಭಾಷಣದಲ್ಲಿ ಅವರು ನಮ್ಮ ಮನೆಯ ಮಾತನ್ನು ಎತ್ತಲಿಲ್ಲ. ದೊಡ್ಡ ಮನುಷ್ಯರು, ಇಲ್ಲವೆನ್ನಲಾರೆ. ಇವರು ನಮ್ಮ ದೇಶದ ಮುಖ, ಈ ಮುಖಕ್ಕೆ ಮಸಿ ಬಳಿಯುವ ಕೆಲಸ ಯಾರೂ ಮಾಡಬೇಡಿ ಎಂದರು. ಮಕ್ಕಳು ಚಪ್ಪಾಳೆ ತಟ್ಟಿದರು. ನನಗೆ ಗಾಜಿನ ಮೂಲೆಯಲ್ಲಿ ಉಳಿದುಬಿಟ್ಟಿದ್ದ ಕುಂಕುಮದ ಗೆರೆಯೊಂದೇ ಕಾಣುತ್ತಿತ್ತು. ಅಪ್ಪ ಬೇವಿನ ಮರದ ಕೆಳಗೆ ಕೈಕಟ್ಟಿ ನಿಂತಿದ್ದ, ಚಪ್ಪಾಳೆ ಹೊಡೆದನೋ ಇಲ್ಲವೋ ನಾನು ತಿರುಗಿ ನೋಡಲಿಲ್ಲ. ಇಡೀ ದೇಶವೇ ನಮ್ಮ ಮನೆಯಲ್ಲಿದೆ ಎಂದವಳಿಗೆ ಅವತ್ತು ನಾವು ಅದರ ಹೊರಗಿನವರು ಅನ್ನಿಸಿತ್ತು.

ಮನೆಗೆ ಬಂದಾಗ ಯಾರೂ ಉಂಡಿರಲಿಲ್ಲ. ಅಜ್ಜಿ ಎಲೆಯನ್ನು ತೊಡೆಯ ಮೇಲಿಟ್ಟುಕೊಂಡು ಖಾಲಿ ಮೊಳೆಯ ಕೆಳಗೆ ಕೂತಿದ್ದಳು. ಮಗ ತನ್ನನ್ನು ಕೆಲಸದವಳೆಂದ ಮಾತನ್ನು ಅವಳು ಎತ್ತಲಿಲ್ಲ, ಅವತ್ತೂ ಇಲ್ಲ, ಸಾಯುವ ತನಕವೂ ಇಲ್ಲ. ಅವಳ ಸಂಕಟ ಬೇರೆ.

“ಉಣ್ಣಾಕೆ ಕುಂತಿದ್ದೋನ್ನ ಎಬ್ಬಿಸಿ ಕಳಿಸ್ಬಿಟ್ರಲ್ಲೋ. ಅರ್ಧ ಹೊಟ್ಟೇಲಿ ಎದ್ದು ಹೋದ. ಇನ್ನು ಬರಾ ವರ್ಷದ ತಕ ಏನು ಮಾಡ್ತಾನೆ?”

ಅಪ್ಪ ಅವಳ ಎದುರಿಗೆ ಕುಕ್ಕರಗಾಲಲ್ಲಿ ಕೂತ. ಬಾಯಿ ತೆರೆದ, ಮುಚ್ಚಿದ. ಅವ್ವ ಎಂದು ಕರೆಯಲು ಹೋಗಿ ಆಗಲಿಲ್ಲ ಎಂದು ನನಗೆ ಸ್ಪಷ್ಟವಾಗಿ ಕಂಡಿತು. ಅಲ್ಲಿಂದ ಮುಂದೆ ಅವನು ಅವಳನ್ನು ಎದುರೆದುರಿಗೆ ಅವ್ವ ಎಂದದ್ದು ನಾನು ಕೇಳಲಿಲ್ಲ. ಅಜ್ಜಿಗೆ ನೀರು ಕೊಡು, ಅಜ್ಜಿ ಉಂಡಳಾ ಕೇಳು ಎಂದು ಎಲ್ಲವೂ ನನ್ನ ಮೂಲಕವೇ. ಅವಳಿಗೆ ಹೊಸ ಸೀರೆ ತಂದರೂ ನನ್ನ ಕೈಯಲ್ಲೇ ಕೊಡಿಸುತ್ತಿದ್ದ. ಕೆಟ್ಟ ಮಗನಾಗಿರಲಿಲ್ಲ ಅವನು. ಒಂದು ಮಾತು ಆಡಿ ತನ್ನ ಇನ್ನೊಂದು ಮಾತನ್ನು ಕಳಕೊಂಡಿದ್ದ.

ಪಟ ಶಾಲೆಯಿಂದ ವಾಪಸು ಬರಲಿಲ್ಲ, ನಾವು ಕೇಳಲೂ ಇಲ್ಲ. ವರ್ಷವಿಡೀ ಮೊಳೆ ಖಾಲಿ ಇತ್ತು. ಅಪ್ಪನಿಗೆ ಗಾಜು ತಂದುಕೊಡುತ್ತಿದ್ದ ರಹಮತ್ ಸಾಬರು ಬಂದಾಗೆಲ್ಲ ಅಜ್ಜಿಯ ಹತ್ತಿರ ಕೂತು ಎಲೆಅಡಿಕೆ ಹಾಕಿಕೊಂಡು ಹೋಗುತ್ತಿದ್ದರು. ಅವರಿಗೆ ವಿಷಯ ಹೇಗೋ ತಿಳಿದಿತ್ತು.

“ನಮ್ಮನೇಲಿ ಯಾರ ಫೋಟೋನೂ ಹಾಕಲ್ಲಮ್ಮಾ. ಅಬ್ಬಾಜಾನ್‌ದೂ ಇಲ್ಲ. ಖಬರಸ್ತಾನಕ್ಕೆ ಹೋಗಿ ದುವಾ ಮಾಡ್ತೀವಿ, ಅಷ್ಟೇ.”

“ನಿಮ್ಗೆ ಹೋಗಾಕೆ ಜಾಗ ಹತ್ರ ಐತಪ್ಪಾ,” ಎಂದಳು ಅಜ್ಜಿ. “ನಮ್ಮ ಗುಡ್ಡ ದೂರ.”

ಹಾಗೆಂದವಳು ಎಲೆಗೆ ಸುಣ್ಣ ಸವರುತ್ತ ಒಳಗಿನ ಗೋಡೆಯ ಕಡೆ ನೋಡಿದಳು. ಮರುವರ್ಷದ ಅಮಾವಾಸ್ಯೆ ಹತ್ತಿರ ಬಂದಾಗ ನನ್ನನ್ನು ಕರೆದು ಹಿಮಾಲಯದ ಸೀನರಿಯನ್ನು ತೋರಿಸಿದಳು. ಅದು ಯಾವ ಬೆಟ್ಟ ಎಂದು ನಾನು ಓದಿ ಹೇಳಿದೆ, ದೇಶದ ನೆತ್ತಿಯ ಮೇಲೆ ಇರುವುದು, ಅದೆಲ್ಲ ಹಿಮ ಎಂದು ವಿವರಿಸಿದೆ. ಅವಳು ತಲೆಯಾಡಿಸಿದಳು, ಒಪ್ಪಲಿಲ್ಲ.

“ಆ ಬಿಳೀದೆಲ್ಲ ಕುರಿ ಕಣೇ. ಮೇಯಾಕೆ ಹತ್ತವೆ. ನಿಮ್ಮಪ್ಪಂಗೆ ಹೇಳು, ನಾನು ಗುಡ್ಡದ ಮುಂದೆ ಇಕ್ತೀನಿ. ಗುಡ್ಡಕ್ಕೆ ಯಾರೂ ಏನೂ ಅನ್ನಾಕಿಲ್ಲ.”

ನಾನು ಹೇಳಿದೆ. ಅಪ್ಪ ಆ ಹಳೆಯ ಕಟ್ಟು ಬಿಚ್ಚಿದ, ಒಂದೂ ಗುಳ್ಳೆಯಿಲ್ಲದ ಗಾಜು ಕೊಯ್ದ, ಕಚೇರಿಯವರಿಗೆ ಎಂದು ಎತ್ತಿಟ್ಟಿದ್ದ ತೇಗದ ಪಟ್ಟಿ ಹಾಕಿದ. ಖಾಲಿ ಮೊಳೆಗೆ ತಾನೇ ತೂಗುಹಾಕಿ, ಸೊಟ್ಟ ಇದೆಯೇನೋ ಎಂದು ದೂರ ನಿಂತು ನೋಡಿದ. ನಮ್ಮ ಗೋಡೆಯ ಮೇಲೆ ಐಬಿಲ್ಲದ ಪಟ ಅದೊಂದೇ. ಅದರ ಮುಂದೆ ಅಜ್ಜಿ ಮುದ್ದೆ, ಬಾಡು, ಬೀಡಿ, ಬಾಟಲಿ ಎಲ್ಲ ಇಟ್ಟಳು. ಬಾಗಿಲು ಮುಚ್ಚಿ ನಮ್ಮನ್ನೆಲ್ಲ ಅವತ್ತು ಬಹಳ ಹೊತ್ತು ಹೊರಗೆ ಕೂರಿಸಿದಳು, ಹಿಂದಿನ ವರ್ಷದ್ದೂ ಸೇರಿಸಿ ಉಣ್ಣಲಿ ಎಂದು.

ನಾನೀಗ ಮೊಳಕಾಲ್ಮೂರಿನಲ್ಲಿದ್ದೇನೆ. ಗಂಡನ ಮನೆಯೂ ಇಲ್ಲೇ, ಅಪ್ಪನಿಂದ ಕಲಿತ ಕಟ್ಟಿನ ಅಂಗಡಿಯೂ ಇಲ್ಲೇ, ಮನೆಯ ಮುಂದಿನ ಕೋಣೆಯಲ್ಲೇ. ಸತ್ತವರ ಆಧಾರ್ ಕಾರ್ಡು ಹಿಡಿದುಕೊಂಡು ಜನ ಬರುತ್ತಾರೆ, ಇದನ್ನೇ ದೊಡ್ಡದು ಮಾಡಿಕೊಡಿ, ಬೇರೆ ಫೋಟೋ ಇಲ್ಲ ಎನ್ನುತ್ತಾರೆ. ಅಜ್ಜಿಯ ಪಟವೂ ಹಾಗೆ ಬಂದದ್ದೇ. ಹೆದರಿದ ಕಣ್ಣು, ಬಿಗಿದ ಬಾಯಿ. ಅಪ್ಪನೇ ಅದಕ್ಕೆ ಕಟ್ಟು ಹಾಕಿದ. ಗುಡ್ಡದ ಪಟದ ಪಕ್ಕದಲ್ಲಿ ಅವಳ ಪಟ ತೂಗುಹಾಕಿದ. ಅವನ ಕೊನೆಯ ದಿನಗಳಲ್ಲಿ ನಾನು ಅವನನ್ನು ನನ್ನ ಮನೆಗೆ ಕರೆತಂದಿದ್ದೆ, ಎರಡೂ ಪಟ ಅವನ ಜೊತೆಗೇ ಬಂದವು. ಒಂದು ಸಂಜೆ ಕೈಸನ್ನೆ ಮಾಡಿ ಹತ್ತಿರ ಕರೆದ.

“ನಾನು ಹೋದ್ ಮೇಲೆ ನನ್ನ ಫೋಟೋ ಹಾಕ್ಬೇಡ.”

“ಯಾಕಪ್ಪಾ? ಎಷ್ಟೊಂದು ಅದಾವೆ ನಿಂದು.”

“ಅವ್ಳ ಪಕ್ಕ ನನ್ನ ಮುಖ ಇಡ್ಬೇಡ. ನಂಗೂ ಗುಡ್ಡದ ಮುಂದೇನೇ ಇಕ್ಕು.”

ಅವ್ಳು ಎಂದ. ಆಗಲೂ ಅವ್ವ ಎನ್ನಲಿಲ್ಲ. ಊರೆಲ್ಲರ ಮುಖಕ್ಕೂ ಕಟ್ಟು ಹಾಕಿದ ಮನುಷ್ಯ ತನ್ನ ಮುಖ ಗೋಡೆಗೆ ಬೇಡ ಎಂದ. ನನಗೆ ಆಗ ಅದು ಮುದುಕರ ಹಟದ ಹಾಗೆ ಕಂಡಿತು. ಆದರೂ ಅವನು ಹೇಳಿದ ಹಾಗೇ ಮಾಡಿದೆ, ಅವನ ಫೋಟೋಗಳು ಬೀರುವಿನಲ್ಲಿವೆ.

ಮೊನ್ನೆ, ಎಷ್ಟೋ ವರ್ಷಗಳ ಮೇಲೆ, ಅಮಾವಾಸ್ಯೆಯೂ ಆ ಜಯಂತಿಯೂ ಮತ್ತೆ ಒಂದೇ ದಿನ ಬಂದವು. ಬೆಳಗ್ಗೆಯೇ ಎಡೆ ಇಟ್ಟು ಬಾಗಿಲು ಮುಚ್ಚಿ ಅಂಗಡಿಯಲ್ಲಿ ಕೂತಿದ್ದೆ. ಕೊಂಡ್ಲಹಳ್ಳಿ ಕಡೆಯ ಶಾಲೆಯ ಮೇಷ್ಟ್ರೊಬ್ಬರು, ಚಿಕ್ಕ ಹುಡುಗ ಪಾಪ, ಬೈಕು ನಿಲ್ಲಿಸಿ ಓಡಿಬಂದರು. ಕೋಲಜ್ಜನ ಪಟ ಬೇಕು, ಈಗಲೇ ಬೇಕು. ಕಟ್ಟು ಹಾಕಿಟ್ಟದ್ದು ಇತ್ತು, ಆದರೆ ಒಳಗೆ, ಮುಚ್ಚಿದ ಬಾಗಿಲ ಆಚೆಗೆ. ನನ್ನ ಕೈ ಚಿಲಕದ ಕಡೆ ಹೋಗಿದ್ದು ನಿಜ. ಎಳೆದುಕೊಂಡೆ.

“ಸ್ವಲ್ಪ ಹೊತ್ತು ಕುಂತ್ಕಳಿ ಸಾರ್. ಒಳಗೆ ಊಟ ನಡೀತೈತೆ.”

“ಹೌದಾ? ಉಣ್ಲಿ ಬಿಡ್ರಿ, ಕಾಯ್ತೀನಿ. ಯಾರು ಬಂದಿದಾರೆ?”

ಎಷ್ಟು ಸುಲಭದ ಪ್ರಶ್ನೆ. ಹುಡುಗ ನಗುತ್ತಲೇ ಕೇಳಿದ್ದ. ಹೊರಗೆ ಇಡೀ ಓಣಿಯೇ ಎಡೆಯ ಅಡುಗೆಯ ವಾಸನೆ, ಅವನ ಮನೆಯಲ್ಲೂ ಅವತ್ತು ಯಾರೋ ಹಿರಿಯರು ಉಣ್ಣಲು ಬರುವವರಿದ್ದರೋ ಏನೋ. ನಮ್ಮಜ್ಜ, ನಮ್ಮಜ್ಜಿ, ನಮ್ಮಪ್ಪ ಎಂದರೆ ಮುಗಿಯುತ್ತಿತ್ತು.

“ಯಾರೋ ಹಳ್ಳಿ ಕಡೆಯೋರು ಸಾರ್,” ಎಂದೆ. “ಕೆಲ್ಸಕ್ಕೆ ಬಂದಿರೋರು.”

ಆ ತೆಳ್ಳಗಿನ ದನಿ ನನ್ನದೇ. ಮೇಷ್ಟ್ರು ತಲೆಯಾಡಿಸಿ ಮೊಬೈಲು ನೋಡುತ್ತ ಕೂತರು. ಹೊತ್ತಾದ ಮೇಲೆ ಬಾಗಿಲು ತಟ್ಟಿ ಒಳಗೆ ಹೋದೆ. ಎಲೆಯ ಮೇಲೆ ಸಾರು ಆರಿತ್ತು. ಅಜ್ಜಿ ಗೋಡೆಯಿಂದ ಅದೇ ಹೆದರಿದ ಕಣ್ಣಲ್ಲಿ ನೋಡುತ್ತಿದ್ದಳು. ಅಪ್ಪ ತನ್ನ ಮುಖ ಅವಳ ಪಕ್ಕ ಇಡಬೇಡ ಎಂದದ್ದು ಹಟವಲ್ಲ ಎಂದು ಆಗ ಗೊತ್ತಾಯಿತು. ಎಡೆ ಎತ್ತುವಾಗ ತಲೆ ತಗ್ಗಿಸಿಕೊಂಡೇ ಎತ್ತಿದೆ, ಅವಳ ಕಡೆ ನೋಡಲು ನನ್ನಿಂದಲೂ ಆಗಲಿಲ್ಲ.